ಮಾಧ್ಯಮ ಆರಿಸೋ ಸ್ವಾತಂತ್ರ್ಯ ಯಾರದ್ದು?

‘ಉದಾರವಾದ’ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ 1991ರ ಉದಾರೀಕರಣ ನೆನಪಾಗುತ್ತೆ. ತತ್ವಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಒಬ್ಬ ವ್ಯಕ್ತಿಯ ಬದುಕು ಹೇಗಿರಬೇಕು ಅನ್ನೋದನ್ನು ಆ ವ್ಯಕ್ತಿಯೇ ತೀರ್ಮಾನಿಸಬೇಕು, ಸರ್ಕಾರ ಮಧ್ಯೆ ಬರೋದಾದ್ರೆ ತಕ್ಕ ಕಾರಣ ಕೊಡಬೇಕು. ಸರಿ, ಆದರೆ ಆ ವ್ಯಕ್ತಿಗೆ ಆರೇ ವರ್ಷ ಆಗಿದ್ರೆ? ಒಂದನೇ ಕ್ಲಾಸಿಗೆ ಸೇರೋ ಮಗು ತನ್ನ ಪಾಠದ ಭಾಷೆಯನ್ನು ತಾನೇ ಆರಿಸೋಕಾಗಲ್ಲ. ಅದರ ಪರವಾಗಿ ಆರಿಸೋರು ಅಪ್ಪ ಅಮ್ಮನೋ, ಸರ್ಕಾರವೋ?

ಕರ್ನಾಟಕದಲ್ಲಿ ಇದೇ ಪ್ರಶ್ನೆ ಇಪ್ಪತ್ತು ವರ್ಷ ಕೋರ್ಟಿನಲ್ಲಿತ್ತು. ಅದಕ್ಕೂ ಮುಂಚೆ, 1982ರಲ್ಲಿ, ಪ್ರೌಢಶಾಲೆಯಲ್ಲಿ ಕನ್ನಡವೇ ಮೊದಲ ಭಾಷೆ ಆಗಬೇಕು ಅನ್ನೋ ವರದಿಯ ಜಾರಿಗಾಗಿ ಗೋಕಾಕ್ ಚಳವಳಿ ನಡೆದಿತ್ತು. (ಹೆಸರು ಬಂದದ್ದು ಊರಿಂದಲ್ಲ, ವಿ.ಕೃ. ಗೋಕಾಕರಿಂದ. ಅವರು ಹುಟ್ಟಿದ್ದು ಸವಣೂರಲ್ಲಿ, ಪಾಠ ಮಾಡಿದ್ದು ಇಂಗ್ಲಿಷ್!) 1994ರ ಏಪ್ರಿಲ್‌ನಲ್ಲಿ ಸರ್ಕಾರ, ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂತ ಆದೇಶ ಹೊರಡಿಸಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು: ಮಾಧ್ಯಮ ಆರಿಸೋ ಹಕ್ಕು 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದಲ್ಲೇ ಸೇರಿದೆ. ಮಗುವಿನ ಮಾತೃಭಾಷೆ ಯಾವುದು ಅಂತ ಹೇಳೋರೂ ಪೋಷಕರೇ.

ಜಾನ್ ಸ್ಟುವರ್ಟ್ ಮಿಲ್ ಇದನ್ನು ಅರ್ಧ ಒಪ್ಪಿರೋರು. 1859ರ ‘ಆನ್ ಲಿಬರ್ಟಿ’ಯಲ್ಲಿ ಅವರು, ಪ್ರತಿ ಮಗುವೂ ಓದುವಂತೆ ಸರ್ಕಾರ ನೋಡಿಕೊಳ್ಳಲಿ, ಆದರೆ ಶಿಕ್ಷಣವನ್ನೆಲ್ಲ ತನ್ನ ಕೈಲೇ ಇಟ್ಟುಕೊಂಡರೆ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕಿದಂತಾಗುತ್ತೆ ಅಂತಾರೆ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ: ಮಕ್ಕಳ ಮೇಲಿನ ಅಧಿಕಾರವನ್ನು ತಂದೆ ತನ್ನ ಸ್ವಾತಂತ್ರ್ಯ ಅಂತ ತಿಳಿಯೋದು ತಪ್ಪು. ನಮಗೆ ಇದೇ ಮುಖ್ಯ ಅನ್ಸುತ್ತೆ. ತೀರ್ಪಿನ ಬಗ್ಗೆ ನಡೆಯೋ ಚರ್ಚೆಗಳಲ್ಲಿ ಪೋಷಕರ ಹಕ್ಕು, ಶಾಲೆಗಳ ಹಕ್ಕು ಅಂತಾರೆ, ಮಗುವಿನ ಹಕ್ಕು ಕೊನೆಗೆ ಬರುತ್ತೆ.

ಈಗ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬರೋಣ. ಗಡಿ ಜಿಲ್ಲೆ ಆದ್ದರಿಂದ ಕನ್ನಡ, ಮರಾಠಿ, ಉರ್ದು ಶಾಲೆಗಳೂ ಉಂಟು, ಇಂಗ್ಲಿಷ್ ಮೀಡಿಯಂ ಕೂಡ. ಕಾಗದದ ಮೇಲೆ ಆಯ್ಕೆಗೆ ಬರವಿಲ್ಲ. ಆದರೆ ಫ್ಯಾಕ್ಟರಿಯಿಂದ ಕಬ್ಬಿನ ಬಿಲ್ ಬಂದರೆ ಮಾತ್ರ ಫೀಸು ಕಟ್ಟೋಕಾಗೋ ಮನೆಗೆ ಆ ಆಯ್ಕೆ ಎಷ್ಟರದ್ದು? ಯಾರೂ ತಡೀತಿಲ್ಲ ಅನ್ನೋದು ಒಂದು ಸ್ವಾತಂತ್ರ್ಯ, ನಿಜಕ್ಕೂ ಮಾಡೋಕಾಗೋದು ಇನ್ನೊಂದು. 1958ರಲ್ಲಿ ಐಸಾಯಾ ಬರ್ಲಿನ್ ಸ್ವಾತಂತ್ರ್ಯದ ಎರಡು ಪರಿಕಲ್ಪನೆ ಅಂತ ಮಾಡಿದ ಭಾಷಣ ಓದುವಾಗ ನಮಗೆ ಈ ಫೀಸಿನ ಲೆಕ್ಕವೇ ತಲೇಲಿತ್ತು. ತಡೆ ಇಲ್ಲದಿರೋದಕ್ಕೂ ಕೈಲಿ ದುಡ್ಡಿರೋದಕ್ಕೂ ವ್ಯತ್ಯಾಸ ಇದೆ ಅಂತ ಅವರೂ ಒಪ್ತಾರೆ.

2019–20ರಿಂದ ಸರ್ಕಾರ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಈ ಯೋಜನೆಯನ್ನು ಧಾರವಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಚಂದ್ರಶೇಖರ ಕಂಬಾರರು ವಿರೋಧಿಸಿದ್ರು. ಅವರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯವರು, ಗೋಕಾಕದಲ್ಲಿ ಹೈಸ್ಕೂಲು ಓದಿದವರು. ಬಡತನದಿಂದ ಬಂದು ಕನ್ನಡದಲ್ಲೇ ಜ್ಞಾನಪೀಠದವರೆಗೆ ಹೋದವರ ಮಾತಿಗೆ ತೂಕ ಇದೆ. ಆದರೆ ಇಂಗ್ಲಿಷ್ ಮೀಡಿಯಮ್ಮಲ್ಲಿ ಓದಿ ಬಂದ ನಾವು ಅದೇ ಮಾತಾಡಿದ್ರೆ ಅಷ್ಟು ತೂಕ ಇರಲ್ಲ. ನಮಗೆ ಫೀಸು ಕಟ್ಟಿಯಾಗಿದೆ.

ನಮ್ಮ ಕ್ಲಾಸಲ್ಲೇ ನೋಡಿ. ಮೂಡಲಗಿ ಕಡೆಯ ಗೆಳೆಯನಿಗೆ ಜಡತ್ವ, ವೇಗೋತ್ಕರ್ಷ, ಅನುಕಲನ ಎಲ್ಲ ಬಾಯಿಪಾಠ ಅಲ್ಲ, ಅರ್ಥವಾಗೇ ಗೊತ್ತು. ನಮ್ಮಲ್ಲಿ ಅರ್ಧ ಜನಕ್ಕೆ ಆ ಪದಗಳೇ ಗೊತ್ತಿಲ್ಲ. ಆದ್ರೂ ಕ್ಲಾಸಲ್ಲಿ ಸುಮ್ಮನಿರೋದು ಅವನೇ. “ಸರ್ ಹೇಳೂದ್ ತಿಳೀತೈತಿ, ಕೇಳಾಕ ಬಾಯಿ ಬರಂಗಿಲ್ಲ” ಅಂತಾನೆ. ಪ್ರಶ್ನೆ ಕೇಳೋಕೇ ಆಗದಿದ್ರೆ 19(1)(ಎ) ಇದ್ದೂ ಏನು?

2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಲ್ಲೂ ಎಂಜಿನಿಯರಿಂಗ್ ಕಲಿಸಬಹುದು ಅಂತ ಅನುಮತಿ ಕೊಟ್ಟಿತು. ಕನ್ನಡದಲ್ಲಿ ಬಿ.ಇ. ಇದ್ದಿದ್ರೆ ಸೇರ್ತಿದ್ಯಾ ಅಂತ ಅವನನ್ನು ಕೇಳಿದ್ವಿ. “ಪರೀಕ್ಷಾ ಕನ್ನಡದಾಗ ಬರದೇನಪಾ, ಇಂಟರ್‌ವ್ಯೂ ಯಾವ ಭಾಷಾದಾಗ ಇರತೈತಿ?” ಅಂದ.