ಸೇವೆಗೆ ಠೇವಣಿಯೇ?

ಪ್ರಶ್ನೆ: ನಾನು ಬಳಗಾನೂರಿನ ಪದವೀಧರೆ. ಭತ್ತದ ಕೊಯ್ಲು ಮುಗಿದ ಬಳಿಕ ಸಿಂಧನೂರಿನ ವೃದ್ಧಾಶ್ರಮವೊಂದರಲ್ಲಿ ಸ್ವಯಂಸೇವಕಿಯಾಗುವ ಆಸೆ. ಅವರು ಠೇವಣಿ ಕೇಳುತ್ತಿದ್ದಾರೆ. ಕೊಡಲೇ?

ವಕೀಲರ ಉತ್ತರ: ಕೊಡಬೇಡಿರಿ. ಸಂಘದ ಸದಸ್ಯತ್ವಕ್ಕೆ ನಿಯಮಾನುಸಾರ ಶುಲ್ಕವಿರಬಹುದಾದರೂ, ಕೇವಲ ದುಡಿಯಲು ಬರುವವರಿಂದ ಧನವನ್ನಪೇಕ್ಷಿಸುವ ಸಂಸ್ಥೆಯು, ತಾನು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದನ್ವಯ ನೋಂದಿತವಾದುದೋ, ನ್ಯಾಸಪತ್ರದಿಂದ ಸ್ಥಾಪಿತವಾದುದೋ ಎಂಬುದನ್ನು ಮೊದಲು ದಾಖಲೆಸಹಿತ ತೋರಿಸತಕ್ಕದ್ದು. ಕಳೆದ ವರ್ಷದ ಲೆಕ್ಕಪರಿಶೋಧಿತ ಜಮಾಖರ್ಚನ್ನೂ ತಾವು ನಿಸ್ಸಂಕೋಚವಾಗಿ ಕೇಳಬಹುದು. ಒಂದೆರಡು ಭಾನುವಾರ ಹೋಗಿ ಕೆಲಸವನ್ನು ನೋಡಿ, ಬಸ್ಸಿನ ಖರ್ಚು ಯಾರದೆಂಬುದನ್ನೂ ಬರವಣಿಗೆಯಲ್ಲಿ ಪಡೆಯಿರಿ. ವೃದ್ಧರ ಪಿಂಚಣಿ ಹಣವನ್ನಾಗಲಿ ಪಾಸ್‌ಬುಕ್ಕನ್ನಾಗಲಿ, ಅವರೆಷ್ಟೇ ವಿಶ್ವಾಸದಿಂದ ಕೈಗಿತ್ತರೂ, ಮುಟ್ಟಕೂಡದು. ಸದುದ್ದೇಶದವರು ಅಪವಾದಕ್ಕೀಡಾಗುವುದು ಅಲ್ಲಿಯೇ. ದೌರ್ಜನ್ಯವೇನಾದರೂ ಕಂಡಲ್ಲಿ ಹಿರಿಯರ ಸಹಾಯವಾಣಿ 14567ಕ್ಕೆ ತಿಳಿಸಿರಿ. ಠೇವಣಿಯನ್ನು ಈಗಾಗಲೇ ತೆತ್ತಿದ್ದು ಅದು ಮರಳದಿದ್ದರೆ, ರಸೀದಿಯೊಡನೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ. ಆದಾಯವೆಷ್ಟೇ ಇರಲಿ, ಸ್ತ್ರೀಯರಿಗೆ ಅಲ್ಲಿ ಉಚಿತ ನೆರವುಂಟು.