ಎದುರಾಳಿ

ಗುಂಪುಗೂಡಿ ಆಡುವ ಆಟದಲ್ಲಿ ಸೋಲು ಎಲ್ಲರಿಗೂ ಹಂಚಿಹೋಗಿ ಹಗುರಾಗುತ್ತದೆ. ಇಬ್ಬರೇ ಎದುರುಬದುರಾಗಿ ಕುಳಿತು ಆಡುವ ಆಟದಲ್ಲಿ ಹಾಗಲ್ಲ. ಅಲ್ಲಿ ಸೋತವನಿಗೆ ನೆಪವಿಲ್ಲ, ಪಾಲುದಾರರಿಲ್ಲ. ಗೆದ್ದವನು ಕಣ್ಣೆದುರಿಗೇ ಕುಳಿತಿರುತ್ತಾನೆ. ಆದುದರಿಂದ ಇಂತಹ ಆಟಗಳು ಆಡುವವರ ಬುದ್ಧಿಯನ್ನು ಮಾತ್ರವಲ್ಲದೆ ಸ್ವಭಾವವನ್ನೂ ಪರೀಕ್ಷಿಸುತ್ತವೆ.

ಟೆಲಿವಿಷನ್ನಿಗೆ ಯಂತ್ರವೊಂದನ್ನು ಜೋಡಿಸಿ ಆಡುವ ಕಾಳಗದ ವಿಡಿಯೋ ಆಟ ಈ ಬಗೆಗೆ ಸೇರಿದುದು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು ೧೯೯೧ರಲ್ಲಿ ‘ಸ್ಟ್ರೀಟ್ ಫೈಟರ್ ೨’ ಎಂಬ ಆಟವನ್ನು ಹೊರತಂದಿತು. ಮೊದಲು ಅದು ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳಲ್ಲಿತ್ತು. ೧೯೯೨ರಲ್ಲಿ ಸೂಪರ್ ನಿಂಟೆಂಡೊ ಎಂಬ ಯಂತ್ರದ ಮೂಲಕ ಮನೆಗಳನ್ನು ಪ್ರವೇಶಿಸಿತು. ಆ ಯಂತ್ರಕ್ಕಾಗಿ ಸಿದ್ಧಪಡಿಸಿದ ಅದರ ಪ್ರತಿಗಳು ಅರವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದುವು.

ಆಟಗಾರನು ಎಂಟು ಮಂದಿ ಕಾಳಗಗಾರರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕು. ಅವರಲ್ಲೊಬ್ಬ ಭಾರತದವನು, ಹೆಸರು ಧಾಲ್ಸಿಮ್. ಯೋಗಬಲದಿಂದ ಕೈಕಾಲುಗಳನ್ನು ಮಾರುದ್ದ ಚಾಚುವ, ಬಾಯಿಂದ ಬೆಂಕಿಯುಗುಳುವ ಈ ಯೋಗಿಯನ್ನು ಕಂಡರೆ ನಮ್ಮ ಯೋಗಾಭ್ಯಾಸಿಗಳು ನಕ್ಕಾರು! ತೆರೆಯ ಮೇಲ್ಭಾಗದಲ್ಲಿ ಇಬ್ಬರ ಬಲವನ್ನೂ ಸೂಚಿಸುವ ಪಟ್ಟಿಗಳಿರುತ್ತವೆ. ಪ್ರತಿಯೊಂದು ಏಟಿಗೂ ಪಟ್ಟಿ ಕುಗ್ಗುತ್ತದೆ. ಅದು ಬರಿದಾದವನು ಆ ಸುತ್ತಿನಲ್ಲಿ ಸೋಲುತ್ತಾನೆ. ಎರಡು ಸುತ್ತು ಗೆದ್ದವನಿಗೆ ಜಯ.

ನೋಡುವವರಿಗೆ ಇದು ಬರಿಯ ಹೊಡೆದಾಟ. ಆಡುವವರಿಗೆ ಮಾತ್ರ ಇದರ ಮರ್ಮ ಗೊತ್ತು. ಹಗುರ ಏಟು ಬೇಗ ತಾಗುತ್ತದೆ, ಆದರೆ ಅದರ ಫಲ ಅಲ್ಪ. ಭಾರಿ ಏಟಿನ ಫಲ ದೊಡ್ಡದು. ಆದರೆ ಅದು ಗುರಿ ತಪ್ಪಿತೆಂದರೆ ಹೊಡೆದವನೇ ಕ್ಷಣಕಾಲ ರಕ್ಷಣೆಯಿಲ್ಲದೆ ನಿಲ್ಲುತ್ತಾನೆ. ಆದುದರಿಂದ ರೋಷದಿಂದ ಗುಂಡಿಗಳನ್ನು ಒತ್ತುತ್ತಲೇ ಇರುವವನಿಗಿಂತ, ತಡೆದು, ಕಾದು, ಎದುರಾಳಿಯ ಅಭ್ಯಾಸವನ್ನು ಗಮನಿಸುವವನೇ ಮೇಲುಗೈ ಪಡೆಯುತ್ತಾನೆ. ಮೇಲಾಗಿ, ನೆಲಕ್ಕುರುಳಿದ ಕಾಳಗಗಾರನು ಮುಂದಿನ ಸುತ್ತಿಗೆ ಪೂರ್ಣ ಬಲದೊಡನೆ ಏಳುತ್ತಾನೆ. ನೂರು ಏಟು ಬಿದ್ದರೂ ಯಾರ ಮೈಯೂ ನೋಯುವುದಿಲ್ಲ.

ಇಂತಹ ಆಟ ಮಕ್ಕಳಿಗೆ ಹೊಡೆದಾಟವನ್ನೇ ಕಲಿಸೀತೆಂದು ಹಿರಿಯರು ಅಂಜುವುದುಂಟು. ಈ ಅಂಜಿಕೆಯನ್ನು ಒರೆಗೆ ಹಚ್ಚಲು, ಏಟಿನ ಸುಳಿವೇ ಇಲ್ಲದ ನಮ್ಮ ನಾಡಿನ ಹಳೆಯ ಆಟವೊಂದನ್ನು ನೋಡಬಹುದು.

ಧರ್ಮಸ್ಥಳ, ಬೆಳ್ತಂಗಡಿ, ಮೂಡುಬಿದಿರೆಗಳ ಸುತ್ತಿನ ತುಳುನಾಡಿನಲ್ಲಿ ಆಟಿ ತಿಂಗಳೆಂದರೆ ಬಿಡದೆ ಮಳೆ ಸುರಿಯುವ ಕಾಲ. ಹೊಲದ ಕೆಲಸ ಮುಗಿದ ಆ ದಿನಗಳಲ್ಲಿ ಮನೆಯ ಜಗಲಿಗೆ ಚೆನ್ನೆಮಣೆ ಬರುತ್ತಿತ್ತು. ಮರದ ಮಣೆಯಲ್ಲಿ ಎರಡು ಸಾಲು. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳು. ಗುಳಿಗೆ ನಾಲ್ಕರಂತೆ ೫೬ ಕಾಯಿಗಳು. ಮಂಜೊಟ್ಟಿಯ ಕೆಂಪು ಬೀಜಗಳೇ ಇಲ್ಲಿ ಕಾಯಿಗಳು. ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಸಾಗಬೇಕು. ಲೆಕ್ಕ ತಪ್ಪದವನು ಹೆಚ್ಚು ಕಾಯಿ ಗಳಿಸುತ್ತಾನೆ. ಇದಕ್ಕಿಂತ ಸೌಮ್ಯವಾದ ಆಟ ಯಾವುದಿದ್ದೀತು?

ಆದರೆ ತುಳುವಿನ ಸಿರಿ ಪಾಡ್ದನದಲ್ಲಿ ಈ ಮಣೆಯ ದಾರುಣ ಕಥೆಯೊಂದಿದೆ. ಸಿರಿಯ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಹೆತ್ತವರು ಮನೆಯಲ್ಲಿಲ್ಲದ ಹೊತ್ತು ಅಕ್ಕತಂಗಿಯರು ಚೆನ್ನೆಯಾಡಲು ಕುಳಿತರು. ಆಟ ಜಗಳಕ್ಕೆ ತಿರುಗಿತು. ಅಬ್ಬಗ ಮಣೆಯನ್ನೆತ್ತಿ ತಂಗಿಯ ತಲೆಗೆ ಅಪ್ಪಳಿಸಿದಳು, ದಾರಗ ಪ್ರಾಣಬಿಟ್ಟಳು. ಮಾಡಿದುದನ್ನು ಕಂಡು ತಾಳಲಾರದೆ ಅಕ್ಕನೂ ಬಾವಿಗೆ ಹಾರಿದಳು. ಹೆತ್ತವರು ಮರೆತ ಹರಕೆಗಾಗಿ ದೈವ ಮುನಿದುದೂ ಇದಕ್ಕೆ ಕಾರಣವೆಂದು ಪಾಡ್ದನ ಹೇಳುತ್ತದೆ. ಆದರೂ ಮಣೆಯನ್ನೆತ್ತಿದ ಕೈ ಅಕ್ಕನದೇ. ಅಕ್ಕತಂಗಿಯರು ಎದುರುಬದುರಾಗಿ ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆಗೆ ಈ ಕಥೆಯೇ ಮೂಲ.

ಧರ್ಮಸ್ಥಳಕ್ಕೆ ಸಮೀಪದ ಉಜಿರೆಯ ಬಳಿ ಮಾಚಾರು ಎಂಬ ಊರಿದೆ. ಅಲ್ಲಿನ ಕೃಷಿಕ ಗಾಯಕ ಗೋಪಾಲ ನಾಯ್ಕರು ೧೯೯೦ರ ಡಿಸೆಂಬರಿನಲ್ಲಿ ಈ ಸಿರಿ ಪಾಡ್ದನವನ್ನು ದಿನಗಟ್ಟಲೆ ಹಾಡಿದರು. ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೋಂಕೊ, ಕನ್ನಡನಾಡಿನ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ಅದನ್ನು ದಾಖಲಿಸಿದರು. ೧೫,೬೮೩ ಸಾಲುಗಳ ಆ ಕಾವ್ಯ ೧೯೯೮ರಲ್ಲಿ ಅಚ್ಚಾಯಿತು. ಬರೆಹ ಕಾಣದ ಗಾಯಕರ ನಾಲಗೆಯಲ್ಲಿ ಉಳಿದು ಬಂದ ಎಚ್ಚರಿಕೆಯ ಮಾತು ಹೀಗೆ ಲೋಕಕ್ಕೆ ತಲುಪಿತು.

ಈಗ ಎರಡು ಆಟಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ. ತೆರೆಯ ಮೇಲೆ ಏಟಿನ ಮಳೆ. ಆದರೂ ಬಿದ್ದವನು ಏಳುತ್ತಾನೆ. ಮಣೆಯ ಮೇಲೆ ಬರಿಯ ಬೀಜಗಳು. ಆದರೂ ಬಿದ್ದ ದಾರಗ ಏಳಲಿಲ್ಲ. ಹಾಗಾದರೆ ಅಪಾಯವಿರುವುದು ಆಟದೊಳಗಿನ ಏಟಿನಲ್ಲೇ ಎನ್ನುವಂತಿಲ್ಲ. ಆಟದ ಎಲ್ಲೆಯನ್ನು ದಾಟುವ ಸಿಟ್ಟಿನಲ್ಲಿದೆ. ಸೋತ ಹುಡುಗ ಕೈಯಲ್ಲಿದ್ದ ಸಾಧನವನ್ನು ತಮ್ಮನತ್ತ ಎಸೆದ ಗಳಿಗೆಯಲ್ಲಿ ಆಟ ಮುಗಿದು ಅಬ್ಬಗಳ ಕಥೆ ಆರಂಭವಾಗುತ್ತದೆ.

ಎದುರಾಳಿ ಎಂದರೆ ಹಗೆಯಲ್ಲ. ಅವನಿಲ್ಲದೆ ಆಟವೇ ಇಲ್ಲ. ನಮ್ಮ ತಪ್ಪನ್ನು ನಮಗೆ ತೋರಿಸಿಕೊಡುವವನೂ ಅವನೇ. ಸೋತಾಗ ಕಾಯಿಗಳನ್ನು ಮತ್ತೆ ಗುಳಿಗೆ ತುಂಬಿ, ‘ಇನ್ನೊಂದು ಆಟ ಆಡೋಣ’ ಎಂದು ನಗುತ್ತ ಹೇಳಬಲ್ಲವನು ಆ ಹೊತ್ತಿಗೆ ತನ್ನ ಸಿಟ್ಟನ್ನು ಗೆದ್ದಿರುತ್ತಾನೆ. ಆ ಗೆಲುವಿನ ಮುಂದೆ ಉಳಿದ ಗೆಲುವುಗಳೆಲ್ಲ ಸಣ್ಣವು.