ಗಾಳಿ ತಂದ ಮಣ್ಣಿನ ವಯಸ್ಸು

ಆಷಾಢ ಬಂತೆಂದರೆ ಚಾಂಪಿಯನ್ ರೀಫ್ಸ್ ಸುತ್ತಿನ ಮನೆಗಳಲ್ಲಿ ಕಿಟಕಿ ಮುಚ್ಚುವ ಕಾಲ. ಪಡುವಣ ಗಾಳಿ ಬೀಸಿದೊಡನೆ ಸೈನೈಡ್ ದಿಬ್ಬಗಳ ನೆತ್ತಿಯಿಂದ ಬೂದುಬಣ್ಣದ ಧೂಳೆದ್ದು ಊರಿನ ಮೇಲೂ ಊರಾಚೆಯ ಹೊಲಗಳ ಮೇಲೂ ಬೀಳುತ್ತದೆ. ಇದು ಕೋಲಾರದ ಗಣಿಗಳು 1880ರ ದಶಕದಿಂದ 2001ರ ಫೆಬ್ರವರಿಯಲ್ಲಿ ಮುಚ್ಚುವವರೆಗೆ ಎತ್ತಿ, ಅರೆದು, ಚಿನ್ನ ತೆಗೆದುಕೊಂಡು ಹೊರಚೆಲ್ಲಿದ ಕಲ್ಲಿನ ಹಿಟ್ಟು. 13 ದಿಬ್ಬಗಳಲ್ಲಿ 3 ಕೋಟಿ ಟನ್ನಿಗೂ ಮೇಲ್ಪಟ್ಟು ಇಂಥ ಪುಡಿ ಬಿದ್ದಿದೆ.

ಹೊಲದ ಬದುವಿನ ಬುಡದಲ್ಲಿ ನಿಂತ ಪುಡಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರೆ ಕಣಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವು. ಕಣದಲ್ಲಿ ರಾಗಿ ತೂರಿದಂತೆಯೇ ಗಾಳಿ ಇದನ್ನೂ ತೂರಿದೆ. ದಪ್ಪ ಮರಳು ನೆಲದ ಮೇಲೆ ಕುಪ್ಪಳಿಸುತ್ತ ಸಾಗಿ ಮೊದಲ ಅಡ್ಡಿಗೇ ನಿಲ್ಲುತ್ತದೆ. ನುಣ್ಣನೆಯ ಪುಡಿ ಮೇಲೇರಿ ಮೈಲಿಗಟ್ಟಲೆ ಹೋಗುತ್ತದೆ.

ಹಿಮಯುಗದಲ್ಲಿ ಪ್ರಕೃತಿಯೂ ಇದೇ ಕೆಲಸ ಮಾಡಿತ್ತು. ಸುಮಾರು 20,000 ವರ್ಷಗಳ ಹಿಂದೆ ಯೂರೋಪಿನ ಉತ್ತರ ಭಾಗ ಮತ್ತು ಉತ್ತರ ಅಮೆರಿಕದ ಬಹುಭಾಗ ಕಿಲೋಮೀಟರುಗಟ್ಟಲೆ ದಪ್ಪದ ಹಿಮದಡಿಯಲ್ಲಿದ್ದವು. ಸಮುದ್ರದ ಮಟ್ಟ ಈಗಿಗಿಂತ ಸುಮಾರು 120 ಮೀಟರು ಕೆಳಗಿತ್ತು. ಜರುಗುವ ಹಿಮರಾಶಿ ಗಣಿಯ ಗಿರಣಿಯಂತೆ ಬಂಡೆಗಳನ್ನು ಅರೆಯಿತು. ಆ ಹಿಟ್ಟನ್ನು ಗಾಳಿ ಹೊತ್ತು ದೂರದಲ್ಲಿ ಹಾಸಿತು. ಇಂಥ ಮಣ್ಣಿಗೆ ಲೋಯೆಸ್ ಎಂದು ಹೆಸರು. ಕಾಶ್ಮೀರದ ಕಣಿವೆಯಲ್ಲಿಯೂ ಇದರ ಪದರಗಳಿವೆ. ಪದರಗಳ ನಡುವೆ ಹುಗಿದುಹೋದ ಹಳೆಯ ಮೇಲ್ಮಣ್ಣು ಕಂಡರೆ, ಆಗ ಧೂಳು ಕಡಿಮೆಯಾಗಿ, ಮಳೆ ಹಿಡಿದು, ಹುಲ್ಲು ಬೆಳೆದಿತ್ತೆಂದು ತಿಳಿಯಬೇಕು.

ಆದರೆ ಯಾವ ಪದರ ಯಾವಾಗ ಬಿತ್ತೆಂದು ಹೇಳುವುದು ಹೇಗೆ? ಉತ್ತರ ಮರಳಿನ ಕಣದೊಳಗೇ ಇದೆ. ಇದನ್ನು ಅರಿಯಲು ತೋಟದ ಬಾವಿಯನ್ನು ನೆನೆದರೆ ಸಾಕು. ಪಂಪು ಓಡಿಸಿ ಬಾವಿಯನ್ನು ಬರಿದು ಮಾಡಿದ ಮೇಲೆ ಒರತೆಯಿಂದ ನೀರು ಮೆಲ್ಲಗೆ ಏರುತ್ತದೆ. ಗಂಟೆಗೆ ಎಷ್ಟು ಏರುತ್ತದೆಂಬುದು ಗೊತ್ತಿದ್ದರೆ, ಈಗ ನಿಂತಿರುವ ನೀರನ್ನು ಅಳೆದು ಪಂಪು ನಿಂತು ಎಷ್ಟು ಹೊತ್ತಾಯಿತೆಂದು ಹೇಳಬಹುದು. ಬೆಣಚುಕಲ್ಲಿನ ಕಣವೂ ಅಂಥದೇ ಬಾವಿ. ಸುತ್ತಲಿನ ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳಿಂದ ಹೊರಡುವ ಅಲ್ಪ ವಿಕಿರಣವೇ ಒರತೆ. ಅದರ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಕಣದೊಳಗೆ ಸಿಕ್ಕಿಬೀಳುತ್ತದೆ. ಬಿಸಿಲೇ ಪಂಪು: ಗಾಳಿಯಲ್ಲಿ ಹಾರುವ ಕಣಕ್ಕೆ ಬಿಸಿಲು ತಗುಲಿದೊಡನೆ ಕೂಡಿಟ್ಟದ್ದೆಲ್ಲ ಬರಿದಾಗುತ್ತದೆ. ಮಣ್ಣಿನಡಿ ಹೂತ ದಿನದಿಂದ ಲೆಕ್ಕ ಮತ್ತೆ ಮೊದಲಾಗುತ್ತದೆ.

ಪ್ರಯೋಗಾಲಯದಲ್ಲಿ ಕಣವನ್ನು ಕಾಯಿಸಿದರೆ ಅಥವಾ ಅದರ ಮೇಲೆ ಬೆಳಕು ಬಿಟ್ಟರೆ ಕೂಡಿಟ್ಟ ಶಕ್ತಿ ಮಿಣುಕು ಬೆಳಕಾಗಿ ಹೊರಬರುತ್ತದೆ. ಇದೇ ಲ್ಯೂಮಿನೆಸೆನ್ಸ್ ವಿಧಾನ. ಉದಾಹರಣೆಗೆ, ಕಣ ಪಡೆದ ವಿಕಿರಣ 40 ಗ್ರೇ, ಸಾವಿರ ವರ್ಷಕ್ಕೆ ಸಿಗುವುದು 2 ಗ್ರೇ ಎಂದಾದರೆ ವಯಸ್ಸು 20,000 ವರ್ಷ. ಬಾವಿ ತುಂಬಿದ ಮೇಲೆ ನೀರು ಏರದಂತೆ, ಕಣವೂ ತುಂಬಿದ ಮೇಲೆ ಲೆಕ್ಕ ನಿಲ್ಲುತ್ತದೆ. ಮಾದರಿ ತೆಗೆಯುವವರು ಮಣ್ಣಿನ ಗೋಡೆಗೆ ಉಕ್ಕಿನ ಕೊಳವೆ ಬಡಿದು, ಎರಡೂ ಬಾಯಿ ಭದ್ರವಾಗಿ ಮುಚ್ಚಿ ಒಯ್ಯುತ್ತಾರೆ. ಮಂದ ಕೆಂಪು ದೀಪದಲ್ಲಿ ಮಾತ್ರ ತೆರೆಯುತ್ತಾರೆ. ಒಂದು ಗಳಿಗೆ ಬಿಸಿಲು ಬಿದ್ದರೂ ಸಾವಿರಾರು ವರ್ಷದ ದಾಖಲೆ ಅಳಿಸಿಹೋಗುತ್ತದೆ.

ಆಕಾಶದಿಂದ ಬರುವ ವಿಶ್ವಕಿರಣಗಳದೂ ಒಂದು ಸಣ್ಣ ಪಾಲಿದೆ. ಮಾದರಿ ಆಳದ್ದಾದಷ್ಟೂ ಅದನ್ನು ಕಡಿಮೆ ಹಿಡಿಯಬೇಕು. ಈ ಕಿರಣಗಳ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಕೆಳಗಿಳಿದು 1965ರಲ್ಲಿ ನ್ಯೂಟ್ರಿನೊಗಳ ಗುರುತು ಹಿಡಿದರು. ಆದರೆ ದಿಬ್ಬದ ಪುಡಿಯ ವಯಸ್ಸನ್ನು ಈ ವಿಧಾನದಿಂದ ಕೇಳಿದರೆ ಸುಳ್ಳು ಉತ್ತರ ಬಂದೀತು. ಅದು ರಾಡಿಯಾಗಿ ಹರಿದು ಬಂದದ್ದು. ಕೆಸರಿನಲ್ಲಿ ಪ್ರತಿ ಕಣಕ್ಕೂ ಬಿಸಿಲು ತಾಗಿರುವುದಿಲ್ಲ. ಗಾಳಿ ತಂದ ಮಣ್ಣಿಗೇ ಈ ಲೆಕ್ಕ ಚೆನ್ನಾಗಿ ಒಪ್ಪುತ್ತದೆ.

ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಅಶೋಕ್ ಸಿಂಘ್ವಿ ಮತ್ತು ಸಂಗಡಿಗರು ಮರಳುದಿಣ್ಣೆಗಳ ವಯಸ್ಸು ಕಂಡುಹಿಡಿಯುವ ಬಗೆಯನ್ನು 1982ರಲ್ಲಿ ಪ್ರಕಟಿಸಿದರು. ಮುಂದೆ ಥಾರ್ ಮರುಭೂಮಿಯ ದಿಣ್ಣೆಗಳಿಂದ ತಿಳಿದುಬಂದ ಸಂಗತಿ ಯಾರೂ ಎಣಿಸಿದಂಥದಲ್ಲ. ಹಿಮಯುಗ ತುತ್ತತುದಿ ಮುಟ್ಟಿ ನಾಡು ತೀರ ಒಣಗಿದ್ದಾಗ ಅಲ್ಲಿ ದಿಣ್ಣೆಗಳು ಹೆಚ್ಚು ಬೆಳೆಯಲಿಲ್ಲ. ಮುಂಗಾರು ಸೊರಗಿದ್ದುದರಿಂದ ಮರಳನ್ನು ಹೊರುವ ಗಾಳಿಯೇ ಇರಲಿಲ್ಲ. ದಿಣ್ಣೆಗಳು ಭರದಿಂದ ಬೆಳೆದದ್ದು ಆಮೇಲೆ, ಸುಮಾರು 14,000ದಿಂದ 10,000 ವರ್ಷಗಳ ಹಿಂದೆ. ಮುಂಗಾರಿನ ಗಾಳಿ ಮರಳಿ ಬಂದಿತ್ತು, ಆದರೆ ನೆಲವನ್ನು ಹಿಡಿದಿಡುವಷ್ಟು ಹುಲ್ಲು ಇನ್ನೂ ಬಂದಿರಲಿಲ್ಲ. ಮಳೆ ಹೆಚ್ಚಿ ಹಸಿರು ಹಬ್ಬಿದ ಮೇಲೆ ಮರಳಿನ ಓಟ ತಗ್ಗಿತು.

ಕೋಲಾರ ಜಿಲ್ಲೆಯ ಬೇಸಾಯಗಾರರಿಗೆ ಈ ಕಾಲ ವರ್ಷವರ್ಷವೂ ಬರುತ್ತದೆ. ಜೂನ್, ಜುಲೈಗಳಲ್ಲಿ ಗಾಳಿ ಜೋರು, ಮಳೆ ಅಷ್ಟಕ್ಕಷ್ಟೆ. ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ರಾಗಿಗೆಂದು ಉತ್ತು, ಹೆಂಟೆ ಒಡೆದು, ನುಣ್ಣಗೆ ಹರಗಿದ ಹೊಲ ಬರಿಮೈಯಲ್ಲಿ ಗಾಳಿಗೆ ಒಡ್ಡಿಕೊಂಡಿರುವುದೂ ಆಗಲೇ. ದಿಬ್ಬದ ಧೂಳು ಕಣ್ಣಿಗೆ ಕಾಣುತ್ತದೆ. ಹೊಲದ ಸ್ವಂತ ನವಿರು ಮಣ್ಣು, ಅದರೊಡನೆ ಕೊಟ್ಟಿಗೆ ಗೊಬ್ಬರದ ಸಾರ ಹೋಗುವುದು ಕಾಣುವುದಿಲ್ಲ. ಬಿತ್ತನೆಗೆ ಬಹಳ ಮುಂಚೆ ಹಿಟ್ಟಿನಂತೆ ಹರಗುವುದನ್ನು ಬಿಟ್ಟು ಹೆಂಟೆಗಳನ್ನು ಉಳಿಸುವುದು, ಹಿಂದಿನ ಬೆಳೆಯ ಕೂಳೆಯನ್ನು ನಿಲ್ಲಿಸಿರುವುದು, ಸಾಲುಗಳನ್ನು ಗಾಳಿಗೆ ಅಡ್ಡಲಾಗಿ ಹೊಡೆಯುವುದು, ಪಡುವಣ ಬದುವಿನಲ್ಲಿ ಹೊಂಗೆ, ಗ್ಲಿರಿಸಿಡಿಯಾ ಸಾಲು ಹಚ್ಚುವುದು ಕೈಗೆಟುಕುವ ಕ್ರಮಗಳು. ನೆಲ ಇಳಿಜಾರಾಗಿದ್ದರೆ ಸಾಲಿನ ವಿಷಯದಲ್ಲಿ ಮಾತ್ರ ಗಾಳಿಗಿಂತ ನೀರಿನ ಹರಿವನ್ನೇ ಮೊದಲು ನೋಡಬೇಕು.

ದಿಬ್ಬಗಳ ಮೂಡಣಕ್ಕಿರುವ ಹೊಲಗಳಲ್ಲಿ ಬೂದು ಪುಡಿ ಪದರವಾಗಿ ನಿಂತಿದ್ದರೆ ಅದನ್ನು ಉತ್ತು ಒಳಗೆ ಸೇರಿಸಲು ಆತುರಪಡಬಾರದು. ಅದರಲ್ಲಿ ಜೀವಾಂಶವಿಲ್ಲ. ಪದರದಿಂದಲೂ ಅದರ ಕೆಳಗಿನ ಮಣ್ಣಿನಿಂದಲೂ ಬೇರೆ ಬೇರೆ ಮಾದರಿ ತೆಗೆದು ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ಮುಂದಿನ ಉಳುಮೆ ನಿಶ್ಚಯಿಸಬೇಕು. ಈ ಮಾದರಿಗೆ ಬಿಸಿಲು ತಾಗಿದರೆ ಅಡ್ಡಿಯಿಲ್ಲ.